ಒಂಟಿ ಗಾಳಗಾರನ ಕನೂ ದೋಣಿಗೆ ಪುಟ್ಟ ಮೋಟರ್: ಮಿನ್ ಕೋಟ ಎಂಡ್ಯುರಾ ಸಿ2 30

ಅಮೆರಿಕದ ವಿಸ್ಕಾನ್ಸಿನ್ ನದಿಯ ಕೆಳಭಾಗದಲ್ಲಿ ಒಬ್ಬರೇ ಗಾಳ ಹಾಕಲು ಹೋಗುವವರಿಗೆ ಎರಡು ತೊಡಕುಗಳು ತಪ್ಪುವುದಿಲ್ಲ. ಹರಿವಿನೊಂದಿಗೆ ಇಳಿದು ಹೋದ ಮೇಲೆ ಕಾರು ನಿಲ್ಲಿಸಿದ ಜಾಗಕ್ಕೆ ಮರಳುವುದು ಹೇಗೆ ಎಂಬುದು ಮೊದಲನೆಯದು. ಜೊತೆಗೊಬ್ಬರಿದ್ದರೆ ಇನ್ನೊಂದು ಕಾರನ್ನು ಕೆಳಗಿನ ದಡದಲ್ಲಿ ನಿಲ್ಲಿಸಿ ಬರಬಹುದು, ಒಬ್ಬರೇ ಇರುವಾಗ ಆ ಅನುಕೂಲವಿಲ್ಲ. ಹುಟ್ಟು ಹಾಕಲು ಎರಡೂ ಕೈಗಳು ಬೇಕಾಗುವುದರಿಂದ, ಗಾಳಕೋಲನ್ನು ಕೈಗೆತ್ತಿಕೊಂಡ ಕ್ಷಣದಿಂದಲೇ ದೋಣಿ ಹರಿವಿನ ಪಾಲಾಗುತ್ತದೆ ಎಂಬುದು ಎರಡನೆಯದು. ಮಿನ್ ಕೋಟ ಎಂಡ್ಯುರಾ ಸಿ2 30 ಎಂಬ ವಿದ್ಯುತ್ ಮೋಟರನ್ನು ನಾನು ಕೊಂಡದ್ದು ಈ ಎರಡು ಕಾರಣಗಳಿಗಾಗಿ, ಮತ್ತು ಅದನ್ನು ಇಲ್ಲಿ ತೂಗಿ ನೋಡುತ್ತಿರುವುದೂ ಇವೆರಡನ್ನು ಮುಂದಿಟ್ಟುಕೊಂಡೇ. ವೇಗಕ್ಕಾಗಿ ಮೋಟರ್ ಬಯಸುವವರಿಗೆ ಇದು ತಕ್ಕ ವಸ್ತುವಲ್ಲ.

ಪ್ರೇರಿ ಡು ಸ್ಯಾಕ್ ಊರಿನ ಅಣೆಕಟ್ಟೆಯಿಂದ ಮಿಸಿಸಿಪ್ಪಿಯ ಸಂಗಮದವರೆಗಿನ 92 ಮೈಲಿಯಲ್ಲಿ, ಅಂದರೆ ಸುಮಾರು 148 ಕಿ.ಮೀ. ದೂರದಲ್ಲಿ, ಈ ನದಿಗೆ ಬೇರೆ ಅಣೆಕಟ್ಟೆಗಳಿಲ್ಲ. 1673ರಲ್ಲಿ ಫ್ರೆಂಚ್ ಅನ್ವೇಷಕರಾದ ಮಾರ್ಕೆಟ್ ಮತ್ತು ಜೋಲಿಯೆ ಕನೂಗಳಲ್ಲಿ ಮಿಸಿಸಿಪ್ಪಿಯನ್ನು ತಲುಪಿದ್ದು ಈ ದಾರಿಯಿಂದಲೇ. ನದಿಯ ಪಾತ್ರ ಅಗಲವಾದದ್ದು, ತಳವೆಲ್ಲ ಮರಳು. ಮೊಣಕಾಲು ಮುಳುಗದ ನೀರು ಮರಳದಿಣ್ಣೆಯ ಅಂಚು ದಾಟಿದೊಡನೆ ಆಳುದ್ದವಾಗುತ್ತದೆ, ಆ ದಿಣ್ಣೆಗಳು ಕೂಡ ವರ್ಷದಿಂದ ವರ್ಷಕ್ಕೆ ಜಾಗ ಬದಲಿಸುತ್ತವೆ. ಇಂಥ ನೀರಿನಲ್ಲಿ ಬೇಕಾಗುವುದು ಹಗುರವಾದ, ಥಟ್ಟನೆ ಮೇಲಕ್ಕೆತ್ತಿಕೊಳ್ಳಬಹುದಾದ ಮೋಟರ್.

ಮಿನ್ ಕೋಟ ಈ ಕ್ಷೇತ್ರದಲ್ಲಿ 1934ರಿಂದಲೂ ಇರುವ ಹೆಸರು. ಎಂಡ್ಯುರಾ ಸಿ2 30 ಅದರ ಸರಳ ಮಾದರಿಗಳಲ್ಲೊಂದು: 12 ವೋಲ್ಟ್ ವಿದ್ಯುತ್ತು, 30 ಪೌಂಡ್ ನೂಕುಬಲ, 30 ಇಂಚಿನ ದಂಡ, ಮುಂದಕ್ಕೆ ಐದು ವೇಗ ಮತ್ತು ಹಿಂದಕ್ಕೆ ಮೂರು. ದಂಡವು ಲೋಹದ್ದಲ್ಲ, ಬಾಗಿ ಮತ್ತೆ ನೆಟ್ಟಗಾಗುವ ಕಾಂಪೋಸಿಟ್ ವಸ್ತುವಿನದು. ಮುಳುಗಿದ ಮರದ ಬೊಡ್ಡೆಗೆ ತಗುಲುವ ಸಂಭವ ಸದಾ ಇರುವ ನದಿಯಲ್ಲಿ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ಎತ್ತುವ ವ್ಯವಸ್ಥೆಯೂ ಒಳ್ಳೆಯದು. ದಿಣ್ಣೆ ಕಾಣಿಸಿದೊಡನೆ ಲಿವರನ್ನು ಒತ್ತಿ ದಂಡವನ್ನು ಓರೆಯಾಗಿಸಿದರೆ ಪ್ರೊಪೆಲ್ಲರ್ ನೀರಿನಿಂದ ಹೊರಗೆ ಬರುತ್ತದೆ, ದೋಣಿ ಮರಳಿನ ಮೇಲೆ ಜಾರಿ ಮುಂದಕ್ಕೆ ಹೋಗುತ್ತದೆ.

ಮೋಟರ್‌ನ ಬಿಗಿಹಿಡಿಕೆ (ಕ್ಲ್ಯಾಂಪ್) ಹಿಂಬದಿ ಚಪ್ಪಟೆಯಾಗಿರುವ ದೋಣಿಗಳಿಗೆಂದು ಮಾಡಿದ್ದು. ಎರಡೂ ತುದಿ ಚೂಪಾಗಿರುವ ಕನೂಗೆ ಅದನ್ನು ಸಿಕ್ಕಿಸಲು ಅಂಚಿನಿಂದ ಅಂಚಿಗೆ ಅಡ್ಡಲಾಗಿ ಕೂರುವ ಪಟ್ಟಿಯೊಂದು ಬೇಕು. ಅಂಗಡಿಯಲ್ಲಿ ಸಿಗುವ ಅಗ್ಗದ ಅಲ್ಯೂಮಿನಿಯಂ ಪಟ್ಟಿಗಳು ಪೂರ್ತಿ ವೇಗದಲ್ಲಿ ತಿರುಚಿಕೊಳ್ಳುವುದರಿಂದ, ನಾನು ಆ್ಯಶ್ ಮರದ ದಪ್ಪ ಹಲಗೆಯನ್ನು ಹಿಂದಿನ ಆಸನದ ಬೆನ್ನಿಗೆ ಬೋಲ್ಟ್ ಹಾಕಿ ಬಿಗಿದಿದ್ದೇನೆ ಮತ್ತು ಮೋಟರ್ ಕಳಚಿದರೂ ಮುಳುಗದಂತೆ ಅದಕ್ಕೊಂದು ಹಗ್ಗ ಕಟ್ಟಿದ್ದೇನೆ. ಮೋಟರ್ ಒಂದು ಪಕ್ಕದಲ್ಲಿ ಇರುವುದರಿಂದ ದೋಣಿ ಇನ್ನೊಂದು ಪಕ್ಕಕ್ಕೆ ತಿರುಗಲು ನೋಡುತ್ತದೆ, ಆದರೆ ಮೋಟರನ್ನು ತಿರುಗಿಸುವ ಹಿಡಿಯನ್ನು ಸ್ವಲ್ಪ ಓರೆಯಾಗಿ ಹಿಡಿಯುವುದು ಬೇಗನೆ ಕೈಗೆ ರೂಢಿಯಾಗುತ್ತದೆ.

ಇದಕ್ಕಿಂತ ಹೆಚ್ಚು ಗಮನ ಬೇಡುವುದು ತೂಕದ ಹಂಚಿಕೆ. ಮನುಷ್ಯ, ಮೋಟರ್, ಬ್ಯಾಟರಿ ಮೂರೂ ಹಿಂದೆ ಕೂತರೆ ದೋಣಿಯ ಮೂತಿ ತಕ್ಕಡಿಯ ಬರಿದಾದ ತಟ್ಟೆಯಂತೆ ಮೇಲೇಳುತ್ತದೆ, ಎದ್ದ ಮೂತಿಯನ್ನು ಪಕ್ಕದ ಗಾಳಿ ತನಗೆ ಬೇಕಾದತ್ತ ತಳ್ಳುತ್ತದೆ. ಬ್ಯಾಟರಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಪಟ್ಟಿಯಿಂದ ಬಿಗಿದು, ಮುಂದಿನ ಆಸನದ ಕೆಳಗೆ ಇಡಬೇಕು. ಆಗ ವೈರು ಉದ್ದವಾಗುತ್ತದೆ, ಉದ್ದವಾದಷ್ಟೂ ದಪ್ಪನೆಯ ವೈರು ಬೇಕಾಗುತ್ತದೆ. ಪೂರ್ತಿ ವೇಗದಲ್ಲಿ ಈ ಮೋಟರ್ 30 ಆ್ಯಂಪಿಯರ್‌ವರೆಗೆ ಎಳೆಯುವುದರಿಂದ ಸಣ್ಣ ವೈರು ಬಿಸಿಯಾಗಿ ಶಕ್ತಿ ದಾರಿಯಲ್ಲೇ ಸೋರಿಹೋಗುತ್ತದೆ. ಬ್ಯಾಟರಿಯ ಬಳಿಯೇ ಸರ್ಕ್ಯೂಟ್ ಬ್ರೇಕರ್ ಇರಲೇಬೇಕು.

ಬ್ಯಾಟರಿಯ ವಿಷಯವನ್ನು ವಿವರವಾಗಿ ಹೇಳಬೇಕು, ಏಕೆಂದರೆ ನದಿಯಲ್ಲಿ ಇಡೀ ದಿನದ ಯೋಜನೆ ನಿಂತಿರುವುದು ಅದರ ಮೇಲೆ. 100 ಆ್ಯಂಪಿಯರ್ ಅವರ್‌ನ ಸೀಸದ ಬ್ಯಾಟರಿ 25 ಕಿಲೋಗೂ ಮೇಲೆ ತೂಗುತ್ತದೆ ಮತ್ತು ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಆಯುಷ್ಯ ಕುಗ್ಗುತ್ತದೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದರ ಅರ್ಧಕ್ಕಿಂತಲೂ ಕಡಿಮೆ ತೂಗುತ್ತದೆ, ಬಹುಪಾಲು ಶಕ್ತಿಯನ್ನು ಬಳಕೆಗೆ ಕೊಡುತ್ತದೆ. ಒಬ್ಬರೇ ದೋಣಿಯನ್ನೂ ಸಾಮಾನನ್ನೂ ದಡಕ್ಕೆ ಹೊರುವಾಗ ಈ ವ್ಯತ್ಯಾಸ ಬಹಳ ದೊಡ್ಡದು. ಪೂರ್ತಿ ವೇಗದಲ್ಲಿ ಲಿಥಿಯಂ ಬ್ಯಾಟರಿ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು ಬಾಳುತ್ತದೆ ಎಂದು ಲೆಕ್ಕ ಹಾಕಬಹುದು. ಹರಿವು ಗಂಟೆಗೆ 3 ಕಿ.ಮೀ. ಇದ್ದು ದೋಣಿ ನೀರಿನಲ್ಲಿ 6 ಕಿ.ಮೀ. ವೇಗದಲ್ಲಿ ಸಾಗಿದರೆ, ಹರಿವಿಗೆ ಎದುರಾಗಿ ಹೋಗುವಾಗ ದಡದ ಲೆಕ್ಕದಲ್ಲಿ ಸಿಗುವುದು 3 ಕಿ.ಮೀ. ಮಾತ್ರ, ಅಂದರೆ ತುಂಬಿದ ಬ್ಯಾಟರಿಯೂ 9 ಕಿ.ಮೀ. ಮೇಲೇರುವಷ್ಟರಲ್ಲಿ ಬಹುತೇಕ ಖಾಲಿಯಾಗುತ್ತದೆ. ಆದ್ದರಿಂದ ನಾನು ಯಾವಾಗಲೂ ಮೊದಲು ಮೇಲಕ್ಕೆ ಹೋಗುತ್ತೇನೆ, ಅರ್ಧ ಬ್ಯಾಟರಿ ಮುಗಿಯುವ ಮುನ್ನ ತಿರುಗುತ್ತೇನೆ, ಗಾಳ ಹಾಕುತ್ತಾ ಕಾರಿನ ಕಡೆಗೆ ಇಳಿದು ಬರುತ್ತೇನೆ. ಲಿಥಿಯಂ ಬ್ಯಾಟರಿ ಸೀಸದ ಬ್ಯಾಟರಿಯಂತೆ ನಿಧಾನವಾಗಿ ಸೊರಗಿ ಮುನ್ಸೂಚನೆ ಕೊಡುವುದಿಲ್ಲ, ಕೊನೆಯವರೆಗೆ ಒಂದೇ ಸಮನೆ ಓಡಿ ಒಮ್ಮೆಲೇ ನಿಲ್ಲುತ್ತದೆ. ಹಾಗಾಗಿ ಉಳಿದ ಶಕ್ತಿಯನ್ನು ತೋರಿಸುವ ಮೀಟರ್ ಒಂದನ್ನು ಜೋಡಿಸಿಕೊಳ್ಳುವುದು ಅಗತ್ಯ, ಹುಟ್ಟನ್ನಂತೂ ಮನೆಯಲ್ಲಿ ಬಿಟ್ಟು ಹೋಗಲೇಬಾರದು.

ಇನ್ನು ಮೀನು ಹಿಡಿಯುವ ಕೆಲಸ. ಇಲ್ಲಿ ಈ ಮೋಟರ್ ನನ್ನ ಮನಸ್ಸನ್ನು ಪೂರ್ತಿಯಾಗಿ ಗೆದ್ದಿದೆ. ದಡದಿಂದ ನೀರಿಗೆ ಬಿದ್ದ ಮರವೊಂದರ ಹಿಂದೆ ಹರಿವು ತಗ್ಗಿದ ಮಡು ಇರುತ್ತದೆ, ವೇಗದ ನೀರು ಮತ್ತು ನಿಂತ ನೀರು ಕೂಡುವ ಗೆರೆಯಲ್ಲಿ ಸ್ಮಾಲ್‌ಮೌತ್ ಬಾಸ್ ಎಂಬ ಮೀನು ಕಾದು ನಿಲ್ಲುತ್ತದೆ. ದೋಣಿಯ ಮೂತಿಯನ್ನು ಮೇಲ್ಹರಿವಿನ ಕಡೆಗಿಟ್ಟು, ಎಡಗೈಯಲ್ಲಿ ಹಿಡಿಯನ್ನು ಹಿಡಿದು ಎರಡನೆಯ ವೇಗಕ್ಕೆ ತಿರುಗಿಸಿದರೆ ದೋಣಿ ಹೆಚ್ಚುಕಡಿಮೆ ಇದ್ದಲ್ಲೇ ನಿಲ್ಲುತ್ತದೆ. ಒಂದನೆಯದಕ್ಕೆ ಇಳಿಸಿದರೆ ಗೇಣುಗೇಣಾಗಿ ಹಿಂದಕ್ಕೆ ಜಾರುತ್ತದೆ. ಬಲಗೈ ಆ ಗೆರೆಯ ಉದ್ದಕ್ಕೂ ಗಾಳ ಎಸೆಯುತ್ತಾ ಹೋಗಬಹುದು. ಲಂಗರು ಇಳಿಸುವ ಸದ್ದಿಲ್ಲ, ಹರಿವಿನಲ್ಲಿ ಲಂಗರಿನ ಹಗ್ಗ ಸಿಕ್ಕಿಕೊಂಡು ದೋಣಿ ಮಗುಚುವ ಭಯವಿಲ್ಲ. ವೇಗಗಳು ಮೆಟ್ಟಿಲು ಮೆಟ್ಟಿಲಾಗಿರುವುದರಿಂದ ಒಂದಕ್ಕೂ ಎರಡಕ್ಕೂ ನಡುವಿನ ಹದ ಸಿಗುವುದಿಲ್ಲ ಎಂಬುದು ನಿಜ. ಇದೇ ಸಂಸ್ಥೆಯ ಎಂಡ್ಯುರಾ ಮ್ಯಾಕ್ಸ್ ಮಾದರಿಯಲ್ಲಿ ವೇಗವನ್ನು ಎಳೆಎಳೆಯಾಗಿ ಏರಿಸಿ ಇಳಿಸಬಹುದು, ಕಡಿಮೆ ವೇಗದಲ್ಲಿ ವಿದ್ಯುತ್ತು ಕೂಡ ಉಳಿಯುತ್ತದೆ. ದಿನದ ಬಹುಭಾಗ ಹರಿವಿನಲ್ಲಿ ನಿಂತೇ ಮೀನು ಹಿಡಿಯುವವರು ಹೆಚ್ಚಿನ ಹಣ ಕೊಟ್ಟು ಅದನ್ನೇ ಕೊಳ್ಳುವುದು ಉತ್ತಮ.

ಆರೈಕೆ ಹೆಚ್ಚೇನಿಲ್ಲ, ಆದರೆ ಒಂದನ್ನು ಮರೆಯಬಾರದು. ನೀರಿನಲ್ಲಿ ಯಾರೋ ಬಿಟ್ಟುಹೋದ ಗಾಳದ ದಾರ ಪ್ರೊಪೆಲ್ಲರ್‌ನ ಹಿಂದೆ ಸುತ್ತಿಕೊಳ್ಳುತ್ತದೆ. ಹೊರಗಿನಿಂದ ಅದು ಕಾಣುವುದಿಲ್ಲ. ನಟ್ಟು ಬಿಚ್ಚಿ ಪ್ರೊಪೆಲ್ಲರನ್ನು ಹೊರಗೆಳೆದಾಗ, ಅದು ತಿರುಗುವ ಅಚ್ಚಿನ ಬುಡದಲ್ಲಿ ಕೂದಲಿನಷ್ಟು ತೆಳ್ಳಗಿನ ಎಳೆ ಬಿಗಿಯಾಗಿ ಸುತ್ತಿ ಸೀಲನ್ನು ಕೊರೆಯುತ್ತಿರುವುದು ಕಣ್ಣಿಗೆ ಬೀಳುತ್ತದೆ. ಸೀಲು ಹರಿದರೆ ನೀರು ಒಳಗೆ ಹೋಗಿ ಮೋಟರ್ ಕೆಡುತ್ತದೆ. ಹೀಗೆ ಬಿಚ್ಚುವಾಗ ಒಳಗಿರುವ ಸಣ್ಣ ಪಿನ್ನನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳಬೇಕು, ಬದಲಿ ಪಿನ್ನು ಮತ್ತು ನಟ್ಟು ಚೀಲದಲ್ಲಿರಬೇಕು.

ಪೆಟ್ರೋಲ್ ಮೋಟರ್ ಬೇಡವೇ ಎಂದು ಕೇಳುವವರಿದ್ದಾರೆ. ಹೋಂಡಾದ 2.3 ಅಶ್ವಶಕ್ತಿಯ ಮಾದರಿ ಸುಮಾರು 13 ಕಿಲೋ ತೂಗುತ್ತದೆ, ಒಂದೆರಡು ಲೀಟರ್ ಪೆಟ್ರೋಲಿನಲ್ಲಿ ಬ್ಯಾಟರಿ ಒಯ್ಯಲಾಗದಷ್ಟು ದೂರ ಹೋಗುತ್ತದೆ. ದೂರವೇ ಮುಖ್ಯವಾದರೆ ಅದೇ ಸರಿ. ನನಗೆ ನೀರಿನ ಮೇಲಿನ ನಿಶ್ಶಬ್ದ ಬೇಕು, ಒಂದು ಕೈಯಲ್ಲಿ ನಿಧಾನವಾಗಿ ಹಿಡಿದು ನಿಲ್ಲಿಸುವ ಹದವೂ ಬೇಕು.

ವಿಸ್ಕಾನ್ಸಿನ್‌ನಲ್ಲಿ ಕನೂಗೆ ವಿದ್ಯುತ್ ಮೋಟರ್ ಕಟ್ಟಿದರೂ ಅದನ್ನು ಮೋಟರ್ ದೋಣಿಯೆಂದೇ ಪರಿಗಣಿಸಿ ನೋಂದಣಿ ಮಾಡಿಸಬೇಕಾಗುತ್ತದೆ. ಮೀನು ಹಿಡಿಯುವ ಪರವಾನಗಿ ಬೇರೆಯೇ. ಚಾಲಕ ನೀರಿಗೆ ಬಿದ್ದರೆ ಮೋಟರನ್ನು ನಿಲ್ಲಿಸುವ ಕೊಂಡಿಯನ್ನು ಧರಿಸಬೇಕೆಂಬ 2021ರ ಅಮೆರಿಕದ ಕೇಂದ್ರ ನಿಯಮ 3 ಅಶ್ವಶಕ್ತಿ ಮತ್ತು ಅದಕ್ಕಿಂತ ದೊಡ್ಡ ಎಂಜಿನ್‌ಗಳಿಗೆ ಮಾತ್ರ ಅನ್ವಯವಾಗುವುದರಿಂದ ಈ ಪುಟ್ಟ ಮೋಟರ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಒಬ್ಬರೇ ಹೋಗುವವರು ಅಂಥ ಕೊಂಡಿಯೊಂದನ್ನು ಬೇರೆಯಾಗಿ ಕೊಂಡು ಜೋಡಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಖಾಲಿ ದೋಣಿ ತನ್ನಷ್ಟಕ್ಕೆ ಓಡಿಹೋದರೆ ಅದನ್ನು ತಡೆಯಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ. ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು.

ಇದನ್ನು ಊರಿಗೆ ಒಯ್ದು ಅಘನಾಶಿನಿಯ ಅಳಿವೆಯಲ್ಲೋ ಕುಂದಾಪುರದ ಹಿನ್ನೀರಿನಲ್ಲೋ ಬಳಸುವ ಆಸೆ ಇರುವವರಿಗೆ ಒಂದು ಮಾತು. ಎಂಡ್ಯುರಾ ಸಿಹಿನೀರಿಗೆಂದು ಮಾಡಿದ ಮೋಟರ್, ಉಪ್ಪುನೀರಿಗೆ ಈ ಸಂಸ್ಥೆಯ ರಿಪ್‌ಟೈಡ್ ಸಾಲಿನ ಮೋಟರ್‌ಗಳೇ ಬೇರೆ ಇವೆ. ಇಷ್ಟು ದೊಡ್ಡ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕ ವಿಮಾನದ ಸಾಮಾನಿನಲ್ಲಿ ಒಯ್ಯಲು ಬಿಡುವುದೂ ಇಲ್ಲ, ಅದನ್ನು ಅಲ್ಲಿಯೇ ಕೊಳ್ಳಬೇಕು.