ತುಟಿ ಎತ್ತಿ ಮಾಡಿದ ಆಪರೇಷನ್, ಮೂಗಿನೊಳಗಿಂದ ಮಾಡಿದ ಆಪರೇಷನ್

ಒಂದೇ ಗಡ್ಡೆಗೆ ಎರಡೂ ಥರದ ಆಪರೇಷನ್ ಮಾಡಿಸಿಕೊಂಡವರು ಅಷ್ಟಾಗಿ ಸಿಗುವುದಿಲ್ಲ. ನನಗೆ ಆ ಯೋಗ ಬಂತು. ಬಲಗೆನ್ನೆಯ ಸೈನಸ್‌ನಲ್ಲಿ, ಅಂದರೆ ಕೆನ್ನೆಮೂಳೆಯೊಳಗೆ ಮೂಗಿಗೆ ತೆರೆದುಕೊಳ್ಳುವ ಟೊಳ್ಳಿನಲ್ಲಿ, ಬೆಳೆದದ್ದು ಇನ್ವರ್ಟೆಡ್ ಪ್ಯಾಪಿಲೋಮಾ ಅನ್ನುವ ಗಡ್ಡೆ. ಕ್ಯಾನ್ಸರ್ ಅಲ್ಲ, ಹಾಗಂತ ಸಾಧುವೂ ಅಲ್ಲ. ಚೂರು ಉಳಿದರೂ ಮತ್ತೆ ಬೆಳೆಯುತ್ತದೆ, ಸುತ್ತಲಿನ ಮೂಳೆ ಸವೆಸುತ್ತದೆ. ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುವುದೂ ಉಂಟು. ಸಾಮಾನ್ಯವಾಗಿ ಒಂದೇ ಕಡೆಯ ಹೊಳ್ಳೆ ಕಟ್ಟಿಕೊಳ್ಳುತ್ತದೆ. ಅದನ್ನು ನೆಗಡಿ ಅಂತ ಸುಮ್ನೆ ಬಿಡುವವರೇ ಜಾಸ್ತಿ.

ಮೊದಲು ಆದದ್ದು ಕಾಲ್ಡ್‌ವೆಲ್-ಲೂಕ್ ಆಪರೇಷನ್. 1890ರ ದಶಕದ ವಿಧಾನ. ಮೇಲ್ತುಟಿ ಎತ್ತಿ, ಕೋರೆಹಲ್ಲಿನ ಮೇಲ್ಗಡೆ ವಸಡಿನ ಹತ್ತಿರ ಕೊಯ್ದು, ಮೂಳೆಯಲ್ಲಿ ಕಿಟಕಿ ತೆರೆದು ಸೈನಸ್ ಒಳಗೆ ಹೋಗುತ್ತಾರೆ. ಕೆನ್ನೆ ಊದಿಕೊಂಡು ಗಂಜಿಯೇ ಗತಿಯಾಯಿತು. ಮೂಗಿಗೆ ತುರುಕಿದ್ದ ಬಟ್ಟೆಪಟ್ಟಿ ಎಳೆದು ತೆಗೆದಾಗಿನ ನೋವು ಶತ್ರುವಿಗೂ ಬೇಡ. ಮುಖದ ಸ್ಪರ್ಶದ ನರ ಆ ಜಾಗದ ಪಕ್ಕದಲ್ಲೇ ಹೊರಬರುತ್ತದೆ. ಹಾಗಾಗಿ ನನ್ನ ಮೇಲ್ತುಟಿ, ಹಲ್ಲುಗಳಿಗೆ ಹಿಡಿದ ಜೋಮು ಪೂರ್ತಿ ಬಿಟ್ಟಿಲ್ಲ. ಗಾಯ ಮಾತ್ರ ಬೇಗ ಮಾಯಿತು.

ಕೆಲವು ವರ್ಷಗಳ ಮೇಲೆ ಅದೇ ಹೊಳ್ಳೆ ಮತ್ತೆ ಕಟ್ಟಿತು. ಈ ಸಲ ಎಂಡೋಸ್ಕೋಪ್, ಅಂದರೆ ಒಳಗನ್ನು ನೋಡುವ ಕೊಳವೆ. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಮೆಸರ್‌ಕ್ಲಿಂಗರ್ ಅನ್ನುವ ಮೂಗಿನ ಡಾಕ್ಟರು ರೂಢಿಸಿದ ಈ ದಾರಿ 1980ರ ದಶಕದಲ್ಲಿ ಎಲ್ಲೆಡೆ ಹಬ್ಬಿತು. ಸುಮಾರು 4 ಮಿ.ಮೀ. ದಪ್ಪದ ಕೊಳವೆ ಹೊಳ್ಳೆಯಿಂದಲೇ ಒಳಗೆ ಹೋಗುತ್ತದೆ. 70 ಡಿಗ್ರಿ ಓರೆಯಾಗಿ ನೋಡುವ ಕೊಳವೆಯೂ ಇದೆ, ಮೂಲೆಯೂ ಕಾಣುತ್ತದೆ. ಹೊರಗೆ ಕೊಯ್ತ ಇಲ್ಲ, ಊತ ಕಡಿಮೆ, ಊಟ ಬೇಗ ಸರಿಯಾಯಿತು.

ನನ್ನ ಪ್ರಕಾರ ದೊಡ್ಡ ವ್ಯತ್ಯಾಸ ಇದಲ್ಲ, ಬೇರು ಕಂಡದ್ದು. ಈ ಗಡ್ಡೆ ಸೈನಸ್ ತುಂಬ ಹರಡಿದಂತೆ ಕಂಡರೂ ಬಹಳ ಸಲ ಅಂಟಿಕೊಂಡಿರುವುದು ಸಣ್ಣ ಜಾಗದಲ್ಲಿ. ಸಿಟಿ ಸ್ಕ್ಯಾನ್‌ನಲ್ಲಿ ಅಲ್ಲಿ ಮೂಳೆ ದಪ್ಪಗಾಗಿ ಕಾಣುವುದುಂಟು. ಕಟ್ಟಿಕೊಂಡ ಕಫ ಯಾವುದು, ಗಡ್ಡೆ ಯಾವುದು ಅಂತ ಎಂಆರ್‌ಐ ಬಿಡಿಸಿ ತೋರಿಸುತ್ತದೆ. ಡಾಕ್ಟರು ಗಡ್ಡೆ ತೆಗೆದು, ಬುಡದ ಮೂಳೆಯನ್ನೂ ಡ್ರಿಲ್‌ನಿಂದ ಉಜ್ಜಿದರು. ಗರಿಕೆಯನ್ನು ಮೇಲೆ ಕಿತ್ತರೆ ಚಿಗುರುತ್ತದೆ ಅಲ್ವಾ, ಹಾಗೆ. ಬುಡ ಬಿಟ್ಟರೆ ಎಂಡೋಸ್ಕೋಪ್ ಆಪರೇಷನ್ ಆದಮೇಲೂ ಮರಳುತ್ತದೆ. ಆದ್ದರಿಂದ "ಎಂಡೋಸ್ಕೋಪ್ ಇದೆಯಾ?" ಅನ್ನುವುದಕ್ಕಿಂತ "ಬುಡ ಎಲ್ಲಿದೆ, ಅಲ್ಲಿಗೆ ಹೇಗೆ ತಲುಪುತ್ತೀರಿ?" ಅಂತ ಕೇಳುವುದು ಮೇಲು. ಸೈನಸ್‌ನ ಮುಂದಿನ ಗೋಡೆಗೆ ಅಂಟಿದ್ದರೆ ಕೆಲವೊಮ್ಮೆ ಹಳೆಯ ವಸಡಿನ ದಾರಿಯನ್ನೂ ಜೊತೆಗೆ ಬಳಸುತ್ತಾರೆ.

ಆಮೇಲಿನ ಆರೈಕೆಯಲ್ಲಿ ಮಾತ್ರ ಹಳೆಯದೇ ನನಗೆ ಹಗುರ ಅನಿಸಿತು. ಎಂಡೋಸ್ಕೋಪ್ ಆದಮೇಲೆ ಮೂಗಿನಲ್ಲಿ ಹಕ್ಕಳೆ ಕಟ್ಟುತ್ತಲೇ ಇತ್ತು. ಕುದಿಸಿ ಆರಿಸಿದ ಉಪ್ಪುನೀರಿನಿಂದ ದಿನವೂ ತೊಳೆಯಬೇಕು. ಸಿಂಬಳವನ್ನು ಜೋರಾಗಿ ಊದುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಡಾಕ್ಟರ ಹತ್ತಿರ ಹೋಗಿ ಕ್ಲೀನ್ ಮಾಡಿಸಿಕೊಳ್ಳುವುದೂ ಇತ್ತು. ನನಗೆ ಖರ್ಚೂ ಜಾಸ್ತಿ ಆಯಿತು.

ಆದರೂ ಇನ್ನೊಮ್ಮೆ ಆರಿಸು ಅಂದರೆ ಎಂಡೋಸ್ಕೋಪ್ ದಾರಿಯನ್ನೇ ಹಿಡಿಯುತ್ತೇನೆ. ಅವರು ಸೈನಸ್ ಬಾಯಿಯನ್ನು ಅಗಲ ಮಾಡಿಬಿಟ್ಟಿದ್ದಾರೆ. ಈಗ ಓಪಿಡಿಯ ಕುರ್ಚಿಯಲ್ಲಿ ಕೂರಿಸಿಯೇ ಒಳಗೆಲ್ಲ ನೋಡುತ್ತಾರೆ. ಈ ಗಡ್ಡೆ ವರ್ಷಗಳ ಮೇಲೂ ಮರಳಬಹುದು, ಹಾಗಾಗಿ ತಪಾಸಣೆ ನಡೆಯುತ್ತಲೇ ಇದೆ.