ಗೇಮಿನ ಮಳೆಗಳಲ್ಲಿ ನಮ್ಮೂರ ಮಳೆ ಯಾವುದು?

ಪುನರ್ವಸು ಮಳೆ ಹಿಡಿದು ವಾರವಾಗಿತ್ತು. ತೋಟಕ್ಕೆ ಔಷಧಿ ಹೊಡೆಸಲೂ ಬಿಡುವು ಕೊಡುತ್ತಿರಲಿಲ್ಲ. ಅಷ್ಟರಲ್ಲಿ ಶಿವಮೊಗ್ಗದಿಂದ ಅಕ್ಕನ ಮಗ ಗೇಮಿಂಗ್ ಲ್ಯಾಪ್‌ಟಾಪ್ ಹೊತ್ತು ತೀರ್ಥಹಳ್ಳಿಯ ನಮ್ಮ ಮನೆಗೆ ಬಂದ. "ಮಾವ, ಗ್ರಾಫಿಕ್ಸ್ ಅಂದ್ರೆ ಇದು" ಅಂತ ಅವನು, ನಮ್ಮ ಕಾಲದ್ದೇ ಚೆಂದ ಅಂತ ನಾನು. ಕೊನೆಗೆ ಒಂದೇ ಪರೀಕ್ಷೆ ಇಟ್ಟುಕೊಂಡೆವು: ಕಾಡು, ನೀರು, ಮಳೆ ಯಾವ ಆಟದಲ್ಲಿ ಚೆನ್ನಾಗಿದೆ? ತಾಳೆ ನೋಡಲು ಅಸಲಿ ಮಳೆ ಜಗಲಿಯಾಚೆಗೇ ಸುರಿಯುತ್ತಿತ್ತು.

ಮೊದಲು ನನ್ನ ಕಾಂಟ್ರಾ. 1988ರಲ್ಲಿ ನಿಂಟೆಂಡೊ ಯಂತ್ರಕ್ಕೆ, ಅಂದರೆ ಟಿವಿಗೆ ಜೋಡಿಸಿ ಕ್ಯಾಸೆಟ್ ಹಾಕಿ ಆಡುವ ಡಬ್ಬಿಗೆ, ಬಂದ ಗುಂಡು ಹಾರಿಸುವ ಆಟ. ಇಡೀ ಪರದೆ 256ಕ್ಕೆ 240 ಚುಕ್ಕಿ, ಅಷ್ಟೇ. ಮೂರನೇ ಹಂತದಲ್ಲಿ ಜಲಪಾತ ಹತ್ತಬೇಕು. ನೀಲಿ, ಬಿಳಿ ಗೆರೆಗಳೇ ನೀರು. ಎಂಟನೇ ವಯಸ್ಸಿಗೆ ನನಗದು ಜೋಗವೇ ಆಗಿತ್ತು. ಗುಂಡುಗಳು ಜಾಸ್ತಿಯಾದರೆ ಮಿಣಮಿಣ ಅಂತ ಮಾಯವಾಗುತ್ತಿದ್ದವು. ಕ್ಯಾಸೆಟ್ಟೇ ಹಾಳು ಅಂದುಕೊಂಡು ಉಫ್ ಉಫ್ ಅಂತ ಊದಿದ್ದೇ ಊದಿದ್ದು. ಒಂದು ಅಡ್ಡಗೆರೆಯ ಮೇಲೆ ಎಂಟಕ್ಕಿಂತ ಹೆಚ್ಚು ಚಲಿಸುವ ತುಂಡುಗಳನ್ನು ಆ ಯಂತ್ರ ಬಿಡಿಸಲಾರದು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ.

2002ರ ವೈಸ್ ಸಿಟಿಯನ್ನು ಸೈಬರ್ ಕೆಫೆಯಲ್ಲಿ ಕಂಡಾಗ ಥೇಟ್ ಸಿನಿಮಾ ಅನ್ನಿಸಿತ್ತು. ಈಗ ನೋಡಿದರೆ ಬೆರಳು ಅಂಟಿಕೊಂಡ ಕೈ, ಓರೆಯಾಗಿ ಎಳೆದ ಬಿಳಿ ಗೆರೆಯ ಮಳೆ. ಅತ್ತ ಚಿತ್ರವೂ ಅಲ್ಲ, ಇತ್ತ ಫೋಟೋವೂ ಅಲ್ಲ. ಎಲ್ಲಕ್ಕಿಂತ ಬೇಗ ಹಳತಾದದ್ದು ಇದೇ.

ಅವನ ಪಾಳಿ: 2018ರ ರೆಡ್ ಡೆಡ್ ರಿಡೆಂಪ್ಷನ್ 2. ಕಂಪ್ಯೂಟರಿನಲ್ಲಿ 150 ಜಿಬಿ ಜಾಗ ಬೇಡುವ ಆಸಾಮಿ. ಕೆಸರು ಮಾತ್ರ ಸುಳ್ಳಲ್ಲ, ಒಪ್ಪಿಕೊಂಡೆ. ಹೆಜ್ಜೆ ಇಟ್ಟಲ್ಲಿ ಗುರುತು ಉಳಿಯುತ್ತದೆ, ಅಂಗಿಗೆ ಮೆತ್ತಿಕೊಳ್ಳುತ್ತದೆ, ಕುದುರೆಯ ಹೊಟ್ಟೆಗೂ ಹತ್ತುತ್ತದೆ. ಇಂಬಳ ಒಂದು ಇದ್ದಿದ್ದರೆ ನಮ್ಮ ಕಾಡೇ. ಆದರೆ ಅಲ್ಲಿನ ಮಳೆ ನೆಂಟರ ಹಾಗೆ ಬಂದು ಹೋಗಿಬಿಡುತ್ತದೆ. ನಮ್ಮದು ಬಂದರೆ ಮನೆಯವರಂತೆ ಕೂತುಬಿಡುವ ಮಳೆ. ಜೊತೆಗೆ ಲ್ಯಾಪ್‌ಟಾಪ್ ಬಚ್ಚಲೊಲೆಯ ಹಾಗೆ ಕಾದು, ಅದರ ಫ್ಯಾನಿನ ಸದ್ದಿಗೆ ಹೆಂಚಿನ ಮೇಲಿನ ಮಳೆಯೇ ಕೇಳಲಿಲ್ಲ.

2015ರ ಓರಿ ಅಂಡ್ ದಿ ಬ್ಲೈಂಡ್ ಫಾರೆಸ್ಟ್ ಹಾಕಿದ. ಕುಂಚದಲ್ಲಿ ಬರೆದಂತಹ ಕಾಡು, ಎಲ್ಲೆಲ್ಲೂ ಬೆಳಕು. ಅವನಿಗೆ ಇದೇ ಪ್ರಾಣ. ನನಗೆ ತುಸು ಸಕ್ಕರೆ ಹೆಚ್ಚಾದ ಪಾಯಸ.

ನನ್ನನ್ನು ನಿಲ್ಲಿಸಿದ್ದು 2010ರ ಲಿಂಬೊ. ಬಣ್ಣವೇ ಇಲ್ಲ, ಬರೀ ಕಪ್ಪು, ಬೂದಿ, ಬಿಳಿ. ಹತ್ತಿರದ ಮರ ಕಡುಗಪ್ಪು, ಅದರ ಹಿಂದಿನದು ಬೂದಿ, ಅದರಾಚೆಯದು ಇದೆಯೋ ಇಲ್ಲವೋ ಅನ್ನುವಷ್ಟು. ದೂರ ಹೋದಷ್ಟೂ ಮಸುಕು ಮಾಡುವುದೇ ಅದರ ಕೈಚಳಕ. ಜಗಲಿಗೆ ಬಂದು ನೋಡಿದೆ. ಅಂಗಳದಂಚಿನ ಹಲಸು ಕಪ್ಪಗೆ, ತೋಟದ ಅಡಿಕೆ ಮರಗಳು ಬೂದಿ ಗೆರೆ, ಆಚೆಯ ಗುಡ್ಡ ಇದ್ದ ಜಾಗದಲ್ಲಿ ಬರೀ ಬಿಳುಪು. ಆಗುಂಬೆಯ ಬೆಳಗೂ ಹೀಗೇ, ಹಸಿರೆಲ್ಲ ಮಂಜಿನೊಳಗೆ.

"ಬಣ್ಣ ಇಲ್ಲದ್ದಕ್ಕೆ ಫಸ್ಟ್ ಪ್ರೈಜಾ ಮಾವ?" ಅಂತ ಗೊಣಗಿದ. ಅಷ್ಟರಲ್ಲಿ ಕರೆಂಟ್ ಹೋಯಿತು. ಬ್ಯಾಟರಿಯಲ್ಲಿ ಆ ರೆಡ್ ಡೆಡ್ ಕುದುರೆ ಆಟ ಬಹಳ ಹೊತ್ತು ಬರುವುದಿಲ್ಲ ಅಂತ ಅವನಿಗೂ ಗೊತ್ತು. ಲಿಂಬೊ ಹಾಕಿಕೊಂಡು ಕತ್ತಲಲ್ಲೇ ಕೂತ. ದೊಡ್ಡ ಜೇಡ ಕಾಲು ಚಾಚಿದಾಗ ಕಿರುಚಿದ್ದು ಅಡುಗೆಮನೆಯವರೆಗೂ ಕೇಳಿಸಿತು.