ವೇಲ್ಸ್‌ನಲ್ಲಿ ನಾಮಪತ್ರ: ಪಕ್ಷದ ಟಿಕೆಟ್ಟೋ, ಪಕ್ಷೇತರ ಹಾದಿಯೋ?

ಬ್ರಿಟನ್ ಸಂಸತ್ತಿಗೆ ವೇಲ್ಸ್‌ನಿಂದ ಪಕ್ಷದ ಪರವಾಗಿ ಸ್ಪರ್ಧಿಸುವುದೋ, ಪಕ್ಷೇತರವಾಗಿಯೋ ಎಂದು ಕೇಳಿದ್ದೀರಿ. ಠೇವಣಿಯಲ್ಲಿ ಭೇದವಿಲ್ಲ: 500 ಪೌಂಡ್, ಶೇ 5ಕ್ಕಿಂತ ಹೆಚ್ಚು ಮತ ಬಂದರಷ್ಟೇ ವಾಪಸ್. ಕ್ಷೇತ್ರದ ಹತ್ತು ಮತದಾರರ ಸಹಿಯೂ ಇಬ್ಬರಿಗೂ ಬೇಕು. (ಅಭ್ಯರ್ಥಿ ಮಾತ್ರ ಹೊರಗಿನವರಾದರೂ ನಡೆಯುತ್ತದೆ!)

ಕಾಗದಪತ್ರದ ರಗಳೆ ಪಕ್ಷೇತರರಿಗೆ ಕಡಿಮೆ. ಪಕ್ಷದವರು ಪಕ್ಷದ ಅನುಮತಿಪತ್ರ ಲಗತ್ತಿಸದಿದ್ದರೆ ಮತಪತ್ರದಲ್ಲಿ ಪಕ್ಷದ ಹೆಸರೂ ಇಲ್ಲ, ಚಿಹ್ನೆಯೂ ಇಲ್ಲ. ಪಕ್ಷೇತರರಿಗೆ ‘ಇಂಡಿಪೆಂಡೆಂಟ್’ ಅಥವಾ ವೆಲ್ಶ್ ಭಾಷೆಯ ‘ಅನಿಬನ್ನೊಲ್’ ಎಂಬ ಒಂದು ಪದ, ಅಷ್ಟೇ.

ಗೆಲುವಿನ ಲೆಕ್ಕ ಬೇರೆ. 2005ರಲ್ಲಿ ಬ್ಲೈನೈ ಗ್ವೆಂಟ್ ಕ್ಷೇತ್ರಕ್ಕೆ ಲೇಬರ್ ಪಕ್ಷ ಮಹಿಳೆಯರಷ್ಟೇ ಇದ್ದ ಪಟ್ಟಿಯಿಂದ ಅಭ್ಯರ್ಥಿಯನ್ನು ಆರಿಸಿತು. ಇದರ ವಿರುದ್ಧ ಸಿಡಿದೆದ್ದ ಲೇಬರ್‌ನವರೇ ಆದ ಪೀಟರ್ ಲಾ ಪಕ್ಷೇತರರಾಗಿ ನಿಂತು 9,121 ಮತಗಳಿಂದ ಗೆದ್ದು, ಲೇಬರ್ ಭದ್ರಕೋಟೆಯನ್ನೇ ಕೆಡವಿದರು. ಆದರೆ ಅವರೇನು ಹೊಸಮುಖವಲ್ಲ. ವೆಲ್ಶ್ ಅಸೆಂಬ್ಲಿಯಲ್ಲಿ ಅದೇ ಕ್ಷೇತ್ರದ ಪ್ರತಿನಿಧಿಯಾಗಿದ್ದರು.

ಊರಿಗೆಲ್ಲ ಪರಿಚಿತರಾಗಿದ್ದು, ಪಕ್ಷದ ಮೇಲೆ ಮುನಿಸಿದ್ದರೆ ಪಕ್ಷೇತರ ಹಾದಿ ಹಿಡಿಯಬಹುದು. ಹೊಸಬರಾದರೆ ಪಕ್ಷದೊಳಗಿನ ಆಯ್ಕೆಗೆ ಕಾಯುವುದೇ ಲೇಸು. ಕರಪತ್ರ ಹಂಚುವ ಕೈಗಳಾದರೂ ಸಿಗುತ್ತವೆ. ಯಾವುದಾದರೂ ಸರಿ, ನಾಮಪತ್ರವನ್ನು ಖುದ್ದಾಗಿ ತಲುಪಿಸಬೇಕು, ಅಂಚೆ, ಇಮೇಲ್ ನಡೆಯುವುದಿಲ್ಲ.